ಮನೆಯ ಹಳೆಯ ತಲವಾರ ಎಲ್ಲಿಯದು? ಮೂಲ ಪತ್ತೆ ಹಚ್ಚುವ ಬಗೆ

ಖಂಡೇ ಪೂಜೆ ಬಂತೆಂದರೆ ಕಮಠಾಣ, ಭಾಲ್ಕಿ, ಔರಾದ ಕಡೆಯ ಹಳೆಯ ವಾಡೆಗಳಲ್ಲಿ ಅಟ್ಟದ ಮೇಲಿನ ತಲವಾರ ಕೆಳಗಿಳಿಯುತ್ತದೆ. ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಪೂಜೆ ಮುಗಿಸಿದ ಮೇಲೆ ಮನೆಯ ಹುಡುಗರು ಕೇಳುವುದು ಒಂದೇ ಪ್ರಶ್ನೆ: ‘ಇದು ಯಾರದು?’ ದೊಡ್ಡಪ್ಪ ಬಹಮನಿ ಸುಲ್ತಾನರ ಕಾಲದ್ದು ಅನ್ನುತ್ತಾರೆ. ಅತ್ತೆಯ ಮನೆಯವರು ಶಿವಾಜಿ ಮಹಾರಾಜರ ದಂಡಿನದು ಅನ್ನುತ್ತಾರೆ. ಪಕ್ಕದ ಮನೆಯ ಹಿರಿಯರು ರಜಾಕಾರರ ಗದ್ದಲದಲ್ಲಿ ಕೈ ಬದಲಾಯಿಸಿದ್ದು ಅನ್ನುತ್ತಾರೆ.

ಇವುಗಳಲ್ಲಿ ಯಾವುದನ್ನೂ ಸುಳ್ಳೆಂದು ಕೂತಲ್ಲೇ ತಳ್ಳಿಹಾಕಲಾಗದು. ಆದರೆ ಪ್ರಶ್ನೆಯನ್ನೇ ಒಡೆದು ಕೇಳಿದರೆ ಉತ್ತರ ಸಿಗುವುದು ಸುಲಭ. ನಮ್ಮ ಸೀಮೆಯ ತಲವಾರಕ್ಕೆ ಒಂದೇ ಮೂಲವಿರುವುದು ಅಪರೂಪ. ಅಲಗು ಒಂದು ಊರಿನದು, ಹಿಡಿ ಇನ್ನೊಂದು ಊರಿನದು, ಒರೆ ಎಷ್ಟೋ ವರ್ಷ ಕಳೆದು ಮಾಡಿಸಿದ್ದು, ಮೇಲೆ ಕೊರೆದ ಹೆಸರು ನಡುವೆ ಬಂದ ಒಬ್ಬ ಒಡೆಯನದು. ಆದ್ದರಿಂದ ‘ಇದು ಯಾರ ತಲವಾರ’ ಎಂದು ಇಡೀ ವಸ್ತುವನ್ನು ಒಟ್ಟಿಗೆ ಕೇಳಬೇಡಿ. ಅಲಗಿಗೆ ಬೇರೆ, ಹಿಡಿಗೆ ಬೇರೆ, ಬರಹಕ್ಕೆ ಬೇರೆ, ಒರೆಗೆ ಬೇರೆ ಕೇಳಿ. ಈ ಲೇಖನದಲ್ಲಿರುವುದೆಲ್ಲ ಹಾಗೆ ಕೇಳುವ ಕ್ರಮ.

ಆಕಾರ ಕುಲ ಹೇಳುವುದು ಎಲ್ಲಿ?

ಜಗತ್ತಿನ ಕೆಲವು ಕಡೆ ಕತ್ತಿಯ ಆಕಾರವೇ ಅದು ಯಾವ ಜನರದೆಂದು ಹೇಳಿಬಿಡುತ್ತದೆ. ಮಧ್ಯ ಆಫ್ರಿಕಾದ ಕಾಂಗೋ ನದಿ ಸೀಮೆ ಇದಕ್ಕೆ ಹೆಸರುವಾಸಿ. ಕುಡುಗೋಲಿನಂತೆ ಬಾಗಿದ ಅಲಗಿಗೆ ದಂತದ ಹಿಡಿಯಿದ್ದರೆ ಮಂಗ್‌ಬೆಟು ಜನರದು, ಎಲೆಯಾಕಾರದ ಗಿಡ್ಡ ಅಲಗಿಗೆ ಗುಂಡು ತುದಿಯ ಮರದ ಹಿಡಿಯಿದ್ದರೆ ಕುಬಾ ಜನರದು ಎಂದು ವಸ್ತು ಸಂಗ್ರಹಾಲಯಗಳು ಗುರುತಿಸುತ್ತವೆ. ಅಲ್ಲೂ ಕತ್ತಿಗಳು ಹಣದ ಬದಲಿಗೆ, ವಧುದಕ್ಷಿಣೆಗೆ ಕೈಯಿಂದ ಕೈಗೆ ದಾಟುತ್ತಿದ್ದುದರಿಂದ ಪಕ್ಕದ ಕುಲದವರ ಮನೆಯಲ್ಲಿ ಸಿಕ್ಕಿದ್ದು ಆ ಕುಲದವರೇ ಮಾಡಿದ್ದಾಗಿರಬೇಕೆಂದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಕೊಡಗಿನ ಒಡಿಕತ್ತಿ. ಮುಂದಕ್ಕೆ ಬಾಗಿ ಅಗಲವಾಗುವ ಅಲಗು, ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ ಹಿತ್ತಾಳೆಯ ತೊಡಂಗಿನಲ್ಲಿ ಒರೆಯಿಲ್ಲದೆ ಸಿಗಿಸಿಕೊಳ್ಳುವ ಕ್ರಮ. ಆಕಾರ, ತೊಡುವ ರೀತಿ, ಬಳಸುವ ಜನ ಮೂರೂ ಕೂಡಿಬರುವುದರಿಂದ ಒಡಿಕತ್ತಿ ಕಂಡರೆ ಕೊಡಗು ಎನ್ನಬಹುದು. ಮಲಬಾರಿನ ನಾಯರ್ ಜನರಲ್ಲೂ ಇದೇ ಬಗೆಯ ಕತ್ತಿ ಇತ್ತು ಎಂಬುದನ್ನು ಮರೆಯದಿದ್ದರೆ ಆಯಿತು.

ಬೀದರ ಹಾಗಲ್ಲ. ಅಹಮದ್ ಶಾಹ ವಲಿ 15ನೇ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಇರಾನಿನವರು, ತುರ್ಕರು, ಅರಬರು, ಆಫ್ರಿಕಾದಿಂದ ಬಂದ ಹಬ್ಶಿಗಳು, ದಖನಿಗಳು, ಕನ್ನಡ ಮರಾಠಿ ತೆಲುಗು ಮಾತಾಡುವ ಸರದಾರರು ಒಂದೇ ದಂಡಿನಲ್ಲಿ ಇದ್ದರು. ಹಬ್ಶಿ ಸರದಾರರ ಗೋರಿಗಳಿರುವ ಹಬ್ಶಿಕೋಟ್ ಗುಡ್ಡ ಇಂದಿಗೂ ಬೀದರ ನಗರದ ಪೂರ್ವಕ್ಕಿದೆ. ಆಮೇಲೆ ಬೀದರವನ್ನು ಆಳಿದವರು ಬರೀದಶಾಹಿಗಳು, 1619ರಲ್ಲಿ ವಿಜಯಪುರದವರು, 1657ರಲ್ಲಿ ಔರಂಗಜೇಬ, 1724ರಿಂದ ನಿಜಾಮರು. ಇವರೆಲ್ಲರ ದಂಡಿಗೂ ಒಂದೇ ಪೇಟೆಯ ಕಮ್ಮಾರರು, ಕತ್ತಿಗೆ ಸಾಣೆ ಹಿಡಿಯುವ ಸಿಕ್ಕಲಿಗಾರರು ದುಡಿದರು. ‘ಇದು ಮುಸಲ್ಮಾನರ ತಲವಾರ, ಇದು ಮರಾಠರದು, ಇದು ಲಿಂಗಾಯತ ದೇಸಾಯರದು’ ಎಂದು ಆಕಾರ ನೋಡಿ ಹೇಳುವುದು ಇಲ್ಲಿ ನಡೆಯದು. ಒಂದೇ ಬಗೆಯ ಹಿಡಿಯನ್ನು ಎಲ್ಲರೂ ಹಿಡಿದಿದ್ದಾರೆ.

ಕೈಗೆತ್ತಿಕೊಳ್ಳುವ ಮುನ್ನ

ಒರೆಯಿಂದ ತಲವಾರ ಎಳೆಯುವಾಗಲೇ ಕೈ ಕೊಯ್ದುಕೊಂಡವರು ಬಹಳ. ಹಳೆಯ ಒರೆಯೆಂದರೆ ಎರಡು ಮರದ ಸೀಳು ಅಂಟಿಸಿ ಮೇಲೆ ಚರ್ಮವನ್ನೋ ಮಖಮಲ್ಲನ್ನೋ ಹೊದಿಸಿದ್ದು. ಅಂಟು ಬಿಟ್ಟಿದ್ದರೆ ಧಾರೆ ನೇರ ಸೀಳಿನ ಮೂಲಕ ಹೊರಬರುತ್ತದೆ. ಒರೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬೇಡಿ. ಬೆನ್ನಿನ ಕಡೆ ಅಂಗೈ ಇಟ್ಟು, ಧಾರೆಯ ಕಡೆಗೆ ಬೆರಳು ಬರದಂತೆ ಹಿಡಿದು, ನಿಧಾನವಾಗಿ ಎಳೆಯಿರಿ. ತುಕ್ಕಿಗೆ ಕಚ್ಚಿಕೊಂಡಿದ್ದರೆ ಜಗ್ಗಬೇಡಿ.

ಒಗೆದ ಹತ್ತಿ ಬಟ್ಟೆ ಹಾಸಿದ ಮೇಜು, ಬಟ್ಟೆಯ ಅಳತೆ ಟೇಪು, ಭೂತಗನ್ನಡಿ, ಸಣ್ಣ ಅಯಸ್ಕಾಂತ, ಮೊಬೈಲಿನ ಬ್ಯಾಟರಿ ಬೆಳಕು, ಒಂದು ನೋಟ್‌ಬುಕ್ಕು. ಇಷ್ಟು ಸಾಕು. ಹಗಲು ಬೆಳಕಿನಲ್ಲಿ ಕೆಲಸ ಮಾಡಿ. ಮುಖ್ಯವಾಗಿ, ನೋಡುವ ಮೊದಲು ಉಜ್ಜಬೇಡಿ. ಏಕೆ ಎಂಬುದು ಮುಂದೆ ಬರುತ್ತದೆ.

1. ಅಲಗಿನ ಆಕಾರ

ಮೊದಲು ನೋಡಬೇಕಾದ್ದು ಅಲಗು ನೇರವೋ ಬಾಗಿದ್ದೋ, ಧಾರೆ ಒಂದೋ ಎರಡೋ ಎಂಬುದು. ಒಂದೇ ಧಾರೆ, ಹದವಾದ ಬಾಗು, ತಟ್ಟೆಯಂಥ ತುದಿಯಿರುವ ಹಿಡಿ ಇದ್ದರೆ ಅದು ಸಾಮಾನ್ಯ ತಲವಾರ. ನಮ್ಮ ಮನೆಗಳಲ್ಲಿ ಸಿಗುವುದು ಬಹುಪಾಲು ಇದೇ. ಬಾಗು ತೀರಾ ಹೆಚ್ಚಿದ್ದು ಅಲಗು ಕಿರಿದಾಗಿದ್ದರೆ ಇರಾನಿನ ಶಮ್ಶೀರಿನ ಜಾತಿ. ನೇರ ಅಲಗು ತುದಿಯತ್ತ ಅಗಲವಾಗುತ್ತ ಹೋಗಿ ಎರಡೂ ಕಡೆ ಧಾರೆಯಿದ್ದರೆ ಖಂಡ. ಇದರ ಬೆನ್ನಿಗೆ ಗಟ್ಟಿಗಾಗಿ ಪಟ್ಟಿ ಕೂಡಿಸಿ ಗುಬ್ಬಿಮೊಳೆ ಹೊಡೆದಿರುವುದುಂಟು. ಹಿಡಿಯ ತುದಿಯಲ್ಲಿ ಇನ್ನೊಂದು ಕೈ ಊರಲು ಉದ್ದನೆಯ ಕಡ್ಡಿ ಇರುತ್ತದೆ. ಇಂಥದೇ ಹಿಡಿಗೆ ಕಿರಿದಾದ, ನೇರವಾದ, ಉದ್ದಕ್ಕೂ ಗೀರು ಕೊರೆದ ಅಲಗು ಕೂಡಿದ್ದರೆ ಅದನ್ನು ಫಿರಂಗಿ ಅನ್ನುತ್ತಾರೆ. ಮೊಣಕೈವರೆಗೆ ಕಬ್ಬಿಣದ ಕೈಗವಸು ಇದ್ದರೆ ಪಟ್ಟಾ.

ಫಿರಂಗಿಯ ಅಲಗು ಯುರೋಪಿನಿಂದ ಬಂದದ್ದಿರಬಹುದು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಅಲ್ಲಿಂದ ಘಟ್ಟ ಹತ್ತಿ ಬಂದ ಸರಕಿನಲ್ಲಿ ಹಿಡಿಯಿಲ್ಲದ ಬರೀ ಅಲಗುಗಳೂ ಇದ್ದವು. ಮರಾಠರಿಗೂ ದಖನಿನ ಸುಲ್ತಾನರ ಸರದಾರರಿಗೂ ಅವು ಅಚ್ಚುಮೆಚ್ಚು. ನಮ್ಮ ಕಮ್ಮಾರರು ಅವನ್ನೇ ನೋಡಿಕೊಂಡು ಇಲ್ಲೂ ಮಾಡಿದರು. ಹಾಗಾಗಿ ನೇರ ಅಲಗು ಕಂಡ ಕೂಡಲೇ ವಿಲಾಯತಿ ಅನ್ನಬೇಡಿ. ಮುಂದಿನ ಗುರುತನ್ನು ನೋಡಿ.

2. ಅಲಗಿನ ಬುಡ

ಇದು ಹೆಚ್ಚಿನವರ ಕಣ್ಣು ತಪ್ಪಿಸುವ, ಆದರೆ ಬಲು ಉಪಯೋಗದ ಗುರುತು. ಹಿಡಿಯ ಕೆಳಗೆ ಅಲಗು ಶುರುವಾಗುವ ಜಾಗದಲ್ಲಿ ಎರಡು ಮೂರು ಬೆರಳಿನಷ್ಟು ಉದ್ದಕ್ಕೆ ಧಾರೆ ಕಟ್ಟದೆ ಮೊಂಡಾಗಿ ಬಿಟ್ಟಿದ್ದಾರೆಯೇ? ಅಲ್ಲಿಂದ ಸಣ್ಣ ಮೆಟ್ಟಿಲಿನಂತೆ ಇಳಿದು ಧಾರೆ ಶುರುವಾಗುತ್ತದೆಯೇ? ಹಾಗಿದ್ದರೆ ಅಲಗು ಹಿಂದೂಸ್ತಾನದಲ್ಲಿ ಆದದ್ದೆಂದು ಬಹುಮಟ್ಟಿಗೆ ಹೇಳಬಹುದು. ತಲವಾರ ಹಿಡಿಯುವಾಗ ತೋರುಬೆರಳನ್ನು ಹಿಡಿಯ ಅಡ್ಡಕ್ಕಿಂತ ಮುಂದಕ್ಕೆ ಚಾಚುವ ರೂಢಿ ಇಲ್ಲಿತ್ತು. ಆ ಬೆರಳು ಕೂರುವ ಜಾಗಕ್ಕೆ ಧಾರೆ ಇರಬಾರದು. ಇರಾನಿನ ಅಲಗುಗಳಲ್ಲಿ, ಯುರೋಪಿನಿಂದ ಬಂದವುಗಳಲ್ಲಿ ಈ ಮೆಟ್ಟಿಲು ಸಾಮಾನ್ಯವಾಗಿ ಇರುವುದಿಲ್ಲ.

ಬುಡದ ಇಬ್ಬದಿಯಲ್ಲೂ ಅಂಚು ಕತ್ತರಿಸಿದ, ತೂತು ಕೊರೆದ ಉಕ್ಕಿನ ತಗಡು ಕೂಡಿಸಿದ್ದರೆ ಅದನ್ನೂ ಬರೆದುಕೊಳ್ಳಿ. ದಖನ್ನಿನ ಖಂಡ, ಫಿರಂಗಿಗಳಲ್ಲಿ ಇಂಥ ಒತ್ತುಪಟ್ಟಿ ಹೆಚ್ಚು.

3. ಉಕ್ಕಿನ ಜೌಹರ್

ಅಲಗನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ. ನೀರಿನ ಅಲೆಯಂತೆ ಕಪ್ಪು ಬಿಳಿ ಎಳೆಗಳು ಕಂಡರೆ ಅದು ಜೌಹರ್. ಮೂಸೆಯಲ್ಲಿ ಕರಗಿಸಿದ ಉಕ್ಕನ್ನು ಹದವರಿತು ಬಡಿದಾಗ ಅದರೊಳಗಿನ ಇಂಗಾಲದ ಪದರಗಳು ಹೀಗೆ ತೋರುತ್ತವೆ.

ಜೌಹರ್ ಕಂಡರೆ ಇರಾನಿನ ಅಲಗು ಎಂಬ ಮಾತು ನಮ್ಮಲ್ಲಿ ಹಳೆಯದು. ಆ ಉಕ್ಕು ಹುಟ್ಟಿದ್ದು ಮಾತ್ರ ಬಹಳ ಸಲ ನಮ್ಮ ಮಗ್ಗುಲಲ್ಲೇ. ಈಗಿನ ನಿಜಾಮಾಬಾದ ಜಿಲ್ಲೆಯ ಕೋನಸಮುದ್ರಂನಲ್ಲಿ ಮೂಸೆ ಉಕ್ಕು ತಯಾರಾಗುತ್ತಿತ್ತು. ಇರಾನಿನ ವ್ಯಾಪಾರಿಗಳು ಅಲ್ಲಿಗೇ ಬಂದು ಕೊಳ್ಳುತ್ತಿದ್ದರೆಂದು ಹೆನ್ರಿ ವಾಯ್ಸಿ ಬರೆದ ವಿವರಣೆ 1832ರಲ್ಲಿ ಅಚ್ಚಾಗಿದೆ. ಅಂದರೆ ತೆಲಂಗಾಣದ ಉಕ್ಕು ಇಸ್ಫಹಾನಿನಲ್ಲಿ ಅಲಗಾಗಿ, ಮತ್ತೆ ಹೈದರಾಬಾದಿಗೆ ಬಂದು, ಅಲ್ಲಿ ಹಿಡಿ ಹೊಂದಿಸಿಕೊಂಡು ಔರಾದದ ಒಂದು ಮನೆ ಸೇರಿರುವುದು ಸಾಧ್ಯ. ಇಂಥ ತಲವಾರಕ್ಕೆ ಒಂದು ಊರಿನ ಹೆಸರು ಕೊಡುವುದು ಹೇಗೆ?

ಜೌಹರ್ ಕಾಣದಿದ್ದರೆ ಇಲ್ಲವೆಂದಲ್ಲ. ವರ್ಷವರ್ಷ ಉಜ್ಜಿದ ಅಲಗಿನಲ್ಲಿ ಅದು ಮರೆಯಾಗಿರುತ್ತದೆ. ಆಸಿಡ್ ಹಚ್ಚಿ ಮೇಲೆ ತರುತ್ತೇವೆ ಎನ್ನುವವರ ಕೈಗೆ ಕೊಡಬೇಡಿ.

4. ಹಿಡಿ

ತಲವಾರದ ಹಿಡಿ, ನಮ್ಮ ಕಡೆ ಕಬ್ಜಾ ಅನ್ನುವುದು, ಅಲಗಿಗೆ ಬೆಸುಗೆಯಾಗಿರುವುದಿಲ್ಲ. ಅಲಗಿನ ಬಾಲವನ್ನು ಹಿಡಿಯ ಪೊಳ್ಳಿನೊಳಗೆ ತೂರಿಸಿ, ಕರಗಿಸಿದ ಅರಗು ತುಂಬಿ ಕೂರಿಸುತ್ತಾರೆ. ಕಾಯಿಸಿದರೆ ಅರಗು ಸಡಿಲಾಗಿ ಹಿಡಿ ಕೈಗೆ ಬರುತ್ತದೆ. ಅಲಗು ಮುರಿದರೆ ಹಳೆಯ ಹಿಡಿಗೆ ಹೊಸ ಅಲಗು, ಹಿಡಿ ಹಳತಾದರೆ ಹಳೆಯ ಅಲಗಿಗೆ ಹೊಸ ಹಿಡಿ. ಸಿಕ್ಕಲಿಗಾರರಿಗೆ ಇದು ದಿನದ ಕೆಲಸವಾಗಿತ್ತು. ಅಲಗು ಮತ್ತು ಹಿಡಿಯ ಮೂಲ ಬೇರೆ ಬೇರೆ ಎಂದು ಮೊದಲಿಂದ ಹೇಳುತ್ತಿರುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಈ ಅರಗು.

ಬಾಯಿಯ ಹತ್ತಿರ ಅರಗು ಕಪ್ಪಾಗಿ, ಬಿರುಕುಬಿಟ್ಟು, ಧೂಳು ಕೂತಿದ್ದರೆ ಜೋಡಣೆ ಹಳೆಯದು. ಹಳದಿ ಅಥವಾ ಬಿಳಿ ಗಮ್ಮು, ವೆಲ್ಡಿಂಗಿನ ಗುಳ್ಳೆ, ಸ್ಕ್ರೂ ಕಂಡರೆ ಇತ್ತೀಚೆಗೆ ಕೈಯಾಡಿಸಿದ್ದಾರೆ.

ಹಿಡಿಯ ಅಲಂಕಾರದಲ್ಲಿ ಸೀಮೆಯ ಸುಳಿವು ಸಿಗುತ್ತದೆ. ಯಾಳಿ, ಗಿಳಿ, ಮಕರ, ಎಲೆಬಳ್ಳಿಗಳನ್ನು ಕಬ್ಬಿಣದಲ್ಲೇ ಕೆತ್ತಿ ಎಬ್ಬಿಸಿದ್ದರೆ ದಕ್ಷಿಣದ ಕೈಕೆಲಸದ ಕಡೆಗೆ ಒಲವು ಇಡಿ. ಕೊಂಬಿನದೋ ಮರದ್ದೋ ಹಿಡಿಗೆ ಬೆಳ್ಳಿ ಸುತ್ತಿದ್ದು, ತುದಿ ಕೊಕ್ಕಿನಂತೆ ಬಾಗಿದ್ದರೆ ಅರಬ್ಬಿ ಬಗೆ. ನಿಜಾಮರ ದಂಡಿನಲ್ಲಿ ಯೆಮೆನ್ ಸೀಮೆಯ ಹದ್ರಮೌತಿನಿಂದ ಬಂದ ಅರಬ ಸೈನಿಕರು ಬಹಳ ಇದ್ದರು. ಅವರ ರುಚಿಗೆ ತಕ್ಕ ಕತ್ತಿಗಳನ್ನು ಹೈದರಾಬಾದಿನಲ್ಲೇ ಮಾಡುತ್ತಿದ್ದರು. ಅಂಥದೊಂದು ಬೀದರ ಕಡೆ ಸಿಕ್ಕರೆ ಅರಬಸ್ತಾನದಿಂದ ಬಂದದ್ದೆಂದು ಭಾವಿಸಬೇಕಿಲ್ಲ.

5. ಬೀದರಿಯೋ, ಕೋಫ್ತಗಾರಿಯೋ?

ಬೀದರ ಜಿಲ್ಲೆಯಲ್ಲಿ ಕಪ್ಪು ಹಿಡಿಯ ಮೇಲೆ ಬಿಳಿ ಹೂಬಳ್ಳಿ ಕಂಡರೆ ಎಲ್ಲರ ಬಾಯಲ್ಲೂ ಬರುವುದು ‘ಬೀದರಿ ಕೆಲಸ’. ಹತ್ತರಲ್ಲಿ ಒಂಬತ್ತು ಸಲ ಅದು ಬೀದರಿಯಲ್ಲ, ಕೋಫ್ತಗಾರಿ ಎಂಬುದು ನನ್ನ ಅಂದಾಜು. ಎರಡನ್ನೂ ಬೇರ್ಪಡಿಸಲು ಬಂದರೆ ಮೂಲದ ಪ್ರಶ್ನೆ ಅರ್ಧ ಬಗೆಹರಿದಂತೆ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಬೀದರಿ ವಸ್ತುವಿನ ಮೈ ಕಬ್ಬಿಣದ್ದಲ್ಲ. ಬಹುಪಾಲು ಸತು, ಅದರಲ್ಲಿ ಸ್ವಲ್ಪ ತಾಮ್ರ. ಎರಕ ಹೊಯ್ದು, ನಯಗೊಳಿಸಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಚಿತ್ರ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಹೊಡೆದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಕೂಡಿಸಿ ಹಚ್ಚಿದಾಗ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೋಫ್ತಗಾರಿಯಲ್ಲಿ ಮೈ ಉಕ್ಕಿನದು. ಅದರ ಮೇಲೆ ಅಡ್ಡಡ್ಡ ಉದ್ದುದ್ದ ಸಣ್ಣ ಗೆರೆ ಗೀಚಿ ಒರಟು ಮಾಡಿ, ಬೆಳ್ಳಿ ಬಂಗಾರದ ಎಳೆಯನ್ನು ಅದರ ಮೇಲೆ ಬಡಿದು ಕಚ್ಚಿಸುತ್ತಾರೆ.

ಮೊದಲು ಅಯಸ್ಕಾಂತ ಹಿಡಿಯಿರಿ. ಕಚ್ಚಿಕೊಂಡರೆ ಬೀದರಿಯಲ್ಲ, ಅಲ್ಲಿಗೆ ಮುಗಿಯಿತು. ಆಮೇಲೆ ಭೂತಗನ್ನಡಿಯಿಂದ, ಬೆಳ್ಳಿ ಸವೆದುಹೋದ ಜಾಗವನ್ನೇ ಹುಡುಕಿ ನೋಡಿ. ಬಲೆಯಂಥ ನವಿರು ಗೆರೆಗಳು ಕಂಡರೆ ಕೋಫ್ತಗಾರಿ. ಗೆರೆಗಳಿಲ್ಲದೆ, ಬೆಳ್ಳಿ ಉದುರಿದಲ್ಲಿ ಅಂಚು ಸ್ಪಷ್ಟವಾದ ಪೊಳ್ಳು ಕಾಲುವೆ ಕಂಡರೆ ಬೀದರಿ. ಬೆರಳಾಡಿಸಿದರೆ ಬೀದರಿಯಲ್ಲಿ ಬೆಳ್ಳಿ ಮೈಯ ಮಟ್ಟಕ್ಕೇ ಇರುತ್ತದೆ, ಕೋಫ್ತಗಾರಿಯಲ್ಲಿ ಕೂದಲೆಳೆಯಷ್ಟು ಮೇಲೆ.

ನಿಜವಾದ ಬೀದರಿ ಹಿಡಿ ಸಿಕ್ಕರೂ ಅದು ಯುದ್ಧದ್ದೆಂದು ಹೇಳಬೇಡಿ. ಸತುವಿನ ಎರಕ ಪೆಟ್ಟು ತಡೆಯದು. ದರಬಾರಿಗೆ, ಮೆರವಣಿಗೆಗೆ, ಕಾಣಿಕೆಗೆ ಮಾಡಿದ್ದಿರಬೇಕು. ಇನ್ನು ಅಯಸ್ಕಾಂತ ಕಚ್ಚದೆ, ಕಪ್ಪು ಉಗುರಿಗೆ ಎದ್ದು ಬಂದು ಕೆಳಗೆ ಹಳದಿ ಕಂಡರೆ ಅದು ಹಿತ್ತಾಳೆಗೆ ಹಚ್ಚಿದ ಬಣ್ಣ.

6. ಅಕ್ಷರ, ಮುದ್ರೆ, ಅಂಕಿ

ಬರಹ ಸಿಕ್ಕಿತೆಂದರೆ ಗುಟ್ಟು ಬಯಲಾಯಿತು ಎಂದು ಖುಷಿಪಡುವುದು ಸಹಜ. ಜನ ಹೆಚ್ಚು ಮೋಸಹೋಗುವುದೂ ಇಲ್ಲೇ.

ಹೆಸರಿನಿಂದ ಶುರು ಮಾಡೋಣ. ‘ಅಸದುಲ್ಲಾ ಇಸ್ಫಹಾನಿ’ ಎಂಬ ಕಮ್ಮಾರನ ಹೆಸರು ಲೆಕ್ಕವಿಲ್ಲದಷ್ಟು ಅಲಗುಗಳ ಮೇಲಿದೆ. ಇರಾನಿನ ಶಾಹ ಅಬ್ಬಾಸನ ಕಾಲದ ಕುಶಲಿಯೆಂದು ಆತನಿಗೆ ಖ್ಯಾತಿ. ಆ ಹೆಸರಿಗಿದ್ದ ಬೆಲೆಯಿಂದಾಗಿ ಮುಂದಿನ ಶತಮಾನಗಳಲ್ಲಿ ಇರಾನಿನಲ್ಲೂ ಹಿಂದೂಸ್ತಾನದಲ್ಲೂ ಅದನ್ನು ಹಾಕುತ್ತಲೇ ಹೋದರು. ಆ ಹೆಸರಿನಿಂದ ಕಾಲವನ್ನೂ ಹೇಳಲಾಗದು, ಊರನ್ನೂ ಹೇಳಲಾಗದು. ಓಡುವ ತೋಳದ ಗುರುತು ಜರ್ಮನಿಯದು, ಎದುರುಬದುರಾಗಿ ಕೂತ ಗರಗಸದ ಹಲ್ಲಿನ ಅರ್ಧಚಂದ್ರಗಳು ಇಟಲಿಯ ಜಿನೋವಾದ್ದು. ಇವೆರಡನ್ನೂ ಬೇರೆ ದೇಶದ ಕಮ್ಮಾರರು, ನಮ್ಮವರೂ ಸೇರಿ, ಧಾರಾಳವಾಗಿ ನಕಲು ಮಾಡಿದ್ದಾರೆ. ಅಲಗಿನ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಗಿಲ್, ಓಸ್‌ಬೋರ್ನ್ ಎಂದಿದ್ದರೆ ಬರ್ಮಿಂಗ್‌ಹ್ಯಾಮಿನ ಅಲಗು. ಕುಂಪಣಿ ಕಾಲದ ಕುದುರೆ ದಂಡಿನಿಂದ ಬಂದು ಇಲ್ಲಿ ದೇಸಿ ಹಿಡಿ ಪಡೆದಿರಬಹುದು.

ನಾಲ್ಕು ಮನೆಯ ಸಣ್ಣ ಚೌಕದಲ್ಲಿ ನಾಲ್ಕು ಅರಬ್ಬಿ ಅಕ್ಷರಗಳೋ ಅಥವಾ 2, 4, 6, 8 ಅಂಕಿಗಳೋ ಇದ್ದರೆ ಅದು ರಕ್ಷೆಯ ಯಂತ್ರ. ಇಸವಿಯೂ ಅಲ್ಲ, ಕಾರಖಾನೆಯ ನಂಬರೂ ಅಲ್ಲ.

ಒಡೆಯನ ಬರಹಕ್ಕೆ ಆದವಾನಿಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ವಿಜಯಪುರದ ಕಡೆಯಿಂದ ಆದವಾನಿ ಕೋಟೆ ಕಾಯುತ್ತಿದ್ದವನು ಸಿದ್ದಿ ಮಸೂದ್, ಆಫ್ರಿಕಾ ಮೂಲದ ಸರದಾರ. 1680ರ ದಶಕದ ಕೊನೆಯಲ್ಲಿ ಕೋಟೆ ಮೊಗಲರ ಕೈಸೇರಿತು. ಮೊಗಲ್ ದಂಡಿನಲ್ಲಿದ್ದ ಬಿಕಾನೇರಿನ ಮಹಾರಾಜ ಅನೂಪ್ ಸಿಂಗ್ ಅಲ್ಲಿನ ಆಯುಧಗಳ ರಾಶಿಯನ್ನೇ ಮರುಭೂಮಿಗೆ ಸಾಗಿಸಿದ. ಬಿಕಾನೇರಿನಲ್ಲಿ ಅವುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ನಾಗರಿ ಅಕ್ಷರ ಹೊಡೆದು ಆದವಾನಿಯಲ್ಲಿ ಸಿಕ್ಕಿದ್ದೆಂದು ದಾಖಲಿಸಿದರು. ಆ ಚುಕ್ಕಿ ಬರಹವನ್ನಷ್ಟೇ ನೋಡಿದವರು ರಾಜಸ್ತಾನದ ಕತ್ತಿ ಅನ್ನುತ್ತಾರೆ, ಪೂರ್ತಿ ಓದಿದವರು ಹಬ್ಶಿ ಸರದಾರನ ಕತ್ತಿ ಅನ್ನಬಹುದು. ಕಬ್ಬಿಣವನ್ನು ಬಡಿದ ದಖನಿ ಕಮ್ಮಾರನ ಹೆಸರು ಎರಡರಲ್ಲೂ ಬರುವುದಿಲ್ಲ. ಚುಕ್ಕಿ ಅಕ್ಷರ ನಿಮ್ಮ ತಲವಾರದ ಮೇಲಿದ್ದರೆ ಅದು ಸಾಮಾನ್ಯವಾಗಿ ಆಯುಧಶಾಲೆಯ ಲೆಕ್ಕದ್ದು: ಯಾರಲ್ಲಿತ್ತು ಎಂದು ಹೇಳುತ್ತದೆ, ಎಲ್ಲಿ ಆಯಿತು ಎಂದಲ್ಲ.

ಇನ್ನು ಇಸವಿ. ಬೀದರ ಸೀಮೆಯಲ್ಲಿ ಹಿಜರಿ, ಫಸಲಿ, ಶಕೆ ಮೂರೂ ನಡೆದಿವೆ. ಅಲಗಿನ ಮೇಲೆ 1270 ಎಂದಿದೆ ಅನ್ನಿ. ಶಕೆ ಎಂದು ಹಿಡಿದು 78 ಕೂಡಿಸಿದರೆ 1348. ಬಹಮನಿ ರಾಜ್ಯ ಹುಟ್ಟಿದ್ದು 1347; ಕೂಡಲೇ ‘ನಮ್ಮದು ಬಹಮನಿ ತಲವಾರ’ ಎಂಬ ಕಥೆ ಹುಟ್ಟುತ್ತದೆ. ಹಿಜರಿ ಎಂದು ಹಿಡಿದರೆ 1853 ಅಥವಾ 1854. ನಿಜಾಮರ ಕಚೇರಿಯ ಫಸಲಿ ಎಂದು ಹಿಡಿದು 590 ಕೂಡಿಸಿದರೆ 1860ರ ಸುಮಾರು. ಬೀದರ ಜಿಲ್ಲೆಯ ಮನೆಯ ತಲವಾರಕ್ಕೆ ಬಹುಪಾಲು ಹೊಂದುವುದು ಹಿಜರಿ ಇಲ್ಲವೇ ಫಸಲಿ; ಶಕೆಯ ಲೆಕ್ಕಕ್ಕೆ ಕೊನೆಯ ಜಾಗ ಕೊಡಿ. ಹಿಜರಿಯನ್ನು ಬದಲಿಸಲು ಸುಲಭ ದಾರಿ: ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. ಒಂದೆರಡು ವರ್ಷ ಆಚೀಚೆ ಬರುತ್ತದೆ. ಅದು ಇಸವಿಯೇ ಆಗಿರದೆ ದಂಡಿನ ನಂಬರಾಗಿರುವ ಸಾಧ್ಯತೆಯನ್ನೂ ಬಿಡಬೇಡಿ.

ಅಕ್ಷರ ಮೇಲೆದ್ದು ಕಾಣಲೆಂದು ಸುಣ್ಣ, ಕುಂಕುಮ ತುಂಬಬೇಡಿ. ಕೋಣೆ ಕತ್ತಲು ಮಾಡಿ, ಬ್ಯಾಟರಿಯನ್ನು ಅಲಗಿನ ಮಟ್ಟಕ್ಕೆ ಅಡ್ಡ ಹಿಡಿದು ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಗೀರೂ ಕಾಣುತ್ತದೆ. ಆ ಫೋಟೊವನ್ನು ಫಾರಸಿ ಅಥವಾ ಉರ್ದು ಬಲ್ಲ ಶಿಕ್ಷಕರಿಗೆ, ಮೌಲವಿಗಳಿಗೆ ತೋರಿಸಿ. ಮೋಡಿ ಬರಹವಾದರೆ ಅದನ್ನು ಓದುವ ಹಿರಿಯರನ್ನು ಹುಡುಕಬೇಕು. ಹಳೆಯ ಕುಲಕರ್ಣಿ ಮನೆತನಗಳಲ್ಲಿ ವಿಚಾರಿಸಿ.

7. ಒರೆ ಮತ್ತು ಮನೆಯ ಕಾಗದ

ಒರೆಗೆ ಬಾಳಿಕೆ ಕಡಿಮೆ. ಒಂದು ಅಲಗಿನ ಆಯುಷ್ಯದಲ್ಲಿ ನಾಲ್ಕಾರು ಒರೆ ಬದಲಾಗುತ್ತವೆ. ಒರೆಯ ಬಾಯಿಯ ಮುಹನಾಲ್, ತುದಿಯ ತಹನಾಲ್ ಬೆಳ್ಳಿಯದಾಗಿದ್ದರೆ ಅವನ್ನು ಹಳೆಯ ಒರೆಯಿಂದ ತೆಗೆದು ಹೊಸದಕ್ಕೆ ಹಾಕುತ್ತಿದ್ದರು. ಒರೆಯಿಂದ ಗೊತ್ತಾಗುವುದು ತಲವಾರ ಕೊನೆಯ ಬಾರಿ ಬಳಕೆಯಲ್ಲಿದ್ದ ಕಾಲ, ಅಷ್ಟೇ. ಅಲಗು ಆ ಒರೆಗೆ ಸಲೀಸಾಗಿ ಕೂರದಿದ್ದರೆ ಎರಡೂ ಮೊದಲಿನಿಂದ ಜೋಡಿಯಲ್ಲ.

ಮನೆಯ ಸನದು, ಜಾಗೀರಿನ ಕಾಗದ, ಪಟೇಲಕಿಯ ದಾಖಲೆ, ಹಳೆಯ ಮದುವೆಯ ಫೋಟೊ ತೆಗೆದು ನೋಡಿ. ಮದುಮಗನ ಕೈಯಲ್ಲಿ ಅದೇ ತಲವಾರ ಕಂಡರೆ ಕನಿಷ್ಠ ಆ ವರ್ಷದಿಂದ ಮನೆಯಲ್ಲಿತ್ತೆಂಬುದು ಖಚಿತ. ಹಿರಿಯರ ಮಾತನ್ನು ಅವರದೇ ಮಾತಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಬ್ಬಿಣ ಇನ್ನೂ ನೂರು ವರ್ಷ ಇರುತ್ತದೆ, ಆ ಮಾತು ಇರುವುದಿಲ್ಲ. ದೇವರ ಮನೆಗೆ ಸೇರಿದ ಶಸ್ತ್ರಗಳ ವಿಷಯ ಬೇರೆ. ಮೈಲಾರ ಮಲ್ಲಣ್ಣನಿಗೆ, ವೀರಭದ್ರನಿಗೆ ಒಪ್ಪಿಸಿದ ಖಂಡ, ಪುರವಂತರು ಹಿಡಿಯುವ ಶಸ್ತ್ರ ಯುದ್ಧಕ್ಕೆಂದು ಮಾಡಿದವಲ್ಲ. ಹಗುರ ತಗಡು, ಧಾರೆ ಕಟ್ಟದ ಅಂಚು ಅಲ್ಲಿ ದೋಷವಲ್ಲ, ಅವುಗಳ ಲಕ್ಷಣ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಹಿಡಿ ಸಣ್ಣದು, ಹಾಗಾಗಿ ಮಕ್ಕಳದು ಅಥವಾ ಹೆಂಗಸರದು.’ ಅಲ್ಲ. ತಲವಾರದ ಹಿಡಿ ಕೈಗೆ ಬಿಗಿಯಾಗಿ ಕೂರಬೇಕು. ತುದಿಯ ತಟ್ಟೆ ಮಣಿಕಟ್ಟಿಗೆ ಒತ್ತಿಕೊಂಡು ಕೈ ಸೀಳುವ ಎಳೆತಕ್ಕೆ ತಾನೇ ತಿರುಗುತ್ತದೆ. ಕುಟ್ಟುವ ಕತ್ತಿಯಲ್ಲ ಇದು, ಎಳೆದು ಕೊಯ್ಯುವುದು. ದೊಡ್ಡ ಆಳಿಗೂ ಅದೇ ಹಿಡಿ.

‘ಭಾರವಾಗಿದೆ, ಹಾಗಾಗಿ ಹಳೆಯದು.’ ಬಹುಪಾಲು ತಿರುಗುಮುರುಗು. ಯುದ್ಧದ ತಲವಾರ ಸಾಮಾನ್ಯವಾಗಿ ಒಂದು ಕಿಲೋ ಆಚೀಚೆ ತೂಗುತ್ತದೆ. ತುದಿಯತ್ತ ಅಲಗು ತೆಳುವಾಗುತ್ತ ಹೋಗುತ್ತದೆ. ಬುಡದಿಂದ ತುದಿವರೆಗೆ ಒಂದೇ ದಪ್ಪದ ಪಟ್ಟಿಯಂತಿದ್ದರೆ ಅಂಗಡಿಯ ಶೋಕಿ ಮಾಲು. ಸಿಂಹದ ಮುಖದ ಹಿತ್ತಾಳೆ ಹಿಡಿ, ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಅಲಗು, ಆಸಿಡ್ಡಿನಲ್ಲಿ ಬರೆದ ಬೇಟೆಯ ಚಿತ್ರ ಇವೂ ಅದೇ ಸಾಲಿನವು. ಅಲಗಿಗೆ ಅಯಸ್ಕಾಂತ ಕಚ್ಚಿತೆಂದು ಹಳೆಯದೆನ್ನಬೇಡಿ. ಕೆಲವು ಸ್ಟೇನ್‌ಲೆಸ್ಸಿಗೂ ಕಚ್ಚುತ್ತದೆ.

‘ಹುಲಿಪಟ್ಟೆ ಇದೆ, ಟಿಪ್ಪುವಿನದೇ.’ ಹುಲಿಪಟ್ಟೆ ಟಿಪ್ಪುವಿನ ಆಯುಧಗಳ ಪ್ರಸಿದ್ಧ ಗುರುತು ಹೌದು. ಪ್ರಸಿದ್ಧವಾದದ್ದನ್ನೇ ನಕಲು ಮಾಡುವವರು ಮೊದಲು ಆರಿಸಿಕೊಳ್ಳುತ್ತಾರೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್‌ನಲ್ಲಿ ಟಿಪ್ಪುವಿನ ಖಾಸಗಿ ಕೋಣೆಯ ಖಡ್ಗ 1.4 ಕೋಟಿ ಪೌಂಡ್‌ಗೂ ಹೆಚ್ಚು ಬೆಲೆಗೆ ಹೋಯಿತು. ಅದರ ಅಲಗನ್ನು ಜರ್ಮನ್ ಅಲಗುಗಳ ಮಾದರಿಯಲ್ಲಿ ಇಲ್ಲಿನ ಕಮ್ಮಾರರು ಮಾಡಿದ್ದೆಂದು ಹರಾಜಿನ ವಿವರಣೆಯಲ್ಲೇ ಇತ್ತು. ಅಂಥ ಖಡ್ಗಕ್ಕೂ ಒಂದೇ ಮೂಲವಿಲ್ಲ.

ಉಜ್ಜುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹುಣಸೆಹಣ್ಣು, ಬೂದಿ, ಮರಳುಕಾಗದ, ಪಾಲಿಶ್ ಅಂಗಡಿಯ ಚಕ್ರ ಇವು ಜೌಹರನ್ನೂ ಕೋಫ್ತಗಾರಿಯನ್ನೂ ಚುಕ್ಕಿ ಬರಹವನ್ನೂ ಒಂದೇ ಸಂಜೆಯಲ್ಲಿ ಅಳಿಸಿಬಿಡುತ್ತವೆ. ಕಂದುಗಪ್ಪಾದ ಗಟ್ಟಿ ಪದರ ಇದ್ದಲ್ಲೇ ಇರಲಿ. ಕೆಂಪು ಪುಡಿ ಉದುರುತ್ತಿದ್ದರೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ, ಒಂದು ದಿನ ಬಿಟ್ಟು, ಹತ್ತಿ ಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಜಿಗಟಾಗಿ ಧೂಳು ಹಿಡಿಯುತ್ತದೆ.

ಪೂಜೆ, ಮದುವೆ ಬಿಡಬೇಕಿಲ್ಲ. ಅರಿಶಿನ ಕುಂಕುಮವನ್ನು ಹಿಡಿಗೆ ಸುತ್ತಿದ ಬಟ್ಟೆಗೆ ಹಚ್ಚಿ. ಮದುಮಗನ ತಲವಾರದ ಮೊನೆಗೆ ಚುಚ್ಚುವ ನಿಂಬೆಹಣ್ಣು ರಾತ್ರಿಯಿಡೀ ಹಾಗೇ ಇದ್ದರೆ ಹುಳಿ ಉಕ್ಕನ್ನು ತಿಂದು ಮೊನೆ ಕಪ್ಪಾಗಿ ಗುಳಿ ಬೀಳುತ್ತದೆ. ಆರತಿ ಮುಗಿದ ಕೂಡಲೇ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ. ಅಲಗನ್ನು ಚರ್ಮದ ಒರೆಯೊಳಗೆ ವರ್ಷವಿಡೀ ಇಡಬೇಡಿ, ತೇವ ಹಿಡಿಯುತ್ತದೆ. ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಕಾನೂನಿನ ಮಾತು

1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದೇ ಎಣಿಸುತ್ತವೆ. ಇಟ್ಟುಕೊಳ್ಳಲು ಪರವಾನಗಿ ಯಾವ ಪ್ರದೇಶದಲ್ಲಿ ಬೇಕೆಂಬುದನ್ನು ಸರ್ಕಾರ ಅಧಿಸೂಚನೆಯಿಂದ ಗೊತ್ತುಮಾಡುತ್ತದೆ. ನಿಮ್ಮ ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳಿ. ಮೆರವಣಿಗೆಯಲ್ಲಿ ಝಳಪಿಸುವುದು, ಫೋಟೊ ತೆಗೆದು ಹಂಚುವುದು ಬೇರೆಯೇ ತೊಂದರೆ ತರುತ್ತದೆ. 100 ವರ್ಷ ದಾಟಿದ್ದು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ: ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗನಿಗೆ ಅಜ್ಜನ ತಲವಾರ ಕಳಿಸುವ ಆಸೆಯಿದ್ದರೆ ಫೋಟೊ ಕಳಿಸಿ.

ಹೊಲ ಉಳುವಾಗ, ಬಾವಿಯ ಹೂಳು ತೆಗೆಯುವಾಗ ಸಿಕ್ಕಿದ್ದು ಮನೆಯ ಆಸ್ತಿಯಲ್ಲ. ತಹಶೀಲ್ದಾರರಿಗೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್‌ಗಳು ಹೊರಬಂದವು. ಪುರಾತತ್ವ ಇಲಾಖೆಯವರು ಅಗೆದು ತೆಗೆದದ್ದರಿಂದ ಎಲ್ಲಿ, ಹೇಗೆ ಸಿಕ್ಕವು ಎಂಬ ವಿವರವೂ ಉಳಿಯಿತು. ಗುಜರಿಗೆ ಹೋಗಿದ್ದರೆ ಉಳಿಯುತ್ತಿದ್ದುದು ಬರೀ ಕಬ್ಬಿಣದ ತೂಕ.

ಹೋಲಿಸಿ ನೋಡಲು ಬೀದರ ಕೋಟೆಯೊಳಗಿನ ವಸ್ತು ಸಂಗ್ರಹಾಲಯ, ವಿಜಯಪುರದ ಗೋಳಗುಮ್ಮಟದ ಸಂಗ್ರಹಾಲಯ ಹತ್ತಿರದವು. ಒಂದು ದಿನ ಬಿಡುವು ಮಾಡಿಕೊಂಡರೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತು ಸಂಗ್ರಹಾಲಯದ ಆಯುಧ ವಿಭಾಗ ನೋಡಿ ಬನ್ನಿ. ತಲವಾರ ಒಯ್ಯಬೇಡಿ, ಅಳತೆ ಬರೆದ ಫೋಟೊ ಒಯ್ಯಿರಿ.

ಬರೆದಿಡುವ ರೀತಿ

ಕೊನೆಗೆ ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ: ಖಚಿತ, ಸಂಭವ, ಮನೆಮಾತು. ಮೂರನ್ನೂ ಕಲಸಬೇಡಿ. ಮಾದರಿಗೆ ಹೀಗೆ ಬರೆಯಬಹುದು:

ಖಚಿತ: ಅಲಗು 76 ಸೆಂ.ಮೀ., ಬಾಗು, ಒಂದು ಧಾರೆ, ಬುಡದಲ್ಲಿ ಮೊಂಡು ಮೆಟ್ಟಿಲು ಇದೆ. ಹಿಡಿ ಕಬ್ಬಿಣದ್ದು, ಬೆಳ್ಳಿಯ ಕೋಫ್ತಗಾರಿ, ಅರ್ಧ ಸವೆದಿದೆ. ಬೆನ್ನ ಮೇಲೆ 1270. ಒರೆಗೆ ಕೆಂಪು ಮಖಮಲ್ಲು, ತಹನಾಲ್ ಇಲ್ಲ. 1962ರ ಮದುವೆ ಫೋಟೊದಲ್ಲಿ ಇದೆ.

ಸಂಭವ: ಅಲಗು ಹಿಂದೂಸ್ತಾನದ್ದು. ಅಂಕಿ ಇಸವಿಯಾಗಿದ್ದರೆ 19ನೇ ಶತಮಾನದ ನಡುಭಾಗ. ಒರೆ ಇತ್ತೀಚಿನದು.

ಮನೆಮಾತು: ಮುತ್ತಜ್ಜ ನಿಜಾಮರ ದಂಡಿನಲ್ಲಿದ್ದರು, ಅವರಿಗೆ ಇನಾಮಾಗಿ ಬಂತು. ಹೇಳಿದವರು ದೊಡ್ಡಮ್ಮ.

ಹಾಳೆಯ ಒಂದು ಪ್ರತಿಯನ್ನು ತಲವಾರದ ಬಟ್ಟೆಯೊಳಗೆ ಇಡಿ, ಇನ್ನೊಂದನ್ನು ಹೊಲದ ಕಾಗದಗಳ ಜೊತೆ ಇಡಿ. ಹೊಸ ವಿಷಯ ತಿಳಿದಾಗ ಹಳೆಯದನ್ನು ಹೊಡೆದುಹಾಕದೆ ಕೆಳಗೆ ತಾರೀಖು ಹಾಕಿ ಬರೆಯುತ್ತ ಹೋಗಿ.